ಚಿಕ್ಕಪ್ಪನ ಸಮಯಸಾಧಕ

"ಇನ್ಮೇಲೆ ನೀನು ಬಾಯಿ ಬಿಡೋದೇ ಬೇಡ ವನಮಾಲಾ! ನಿನ್ನ ಬದಲು ಇದು ಮಾತಾಡುತ್ತೆ!"

ಹೀಗೆಂದು ನಮ್ಮ ಚಿಕ್ಕಪ್ಪ ನಂಜುಂಡಸ್ವಾಮಿ ಮೇಜಿನ ಮೇಲಿದ್ದ ವಸ್ತುವಿನ ಹೊದಿಕೆಯನ್ನು ಸರ್ರನೆ ಎಳೆದರು. ಒಳಗಿದ್ದದ್ದು ಒಂದು ಇಡ್ಲಿ ಪಾತ್ರೆ! ನೆತ್ತಿಯ ಮೇಲೆ ಎರಡು ಆಂಟೆನಾ, ಹೊಟ್ಟೆಯಲ್ಲಿ ಸ್ಪೀಕರು, ಪಕ್ಕದಲ್ಲಿ ದಿನಪತ್ರಿಕೆ ತೂರಿಸಲು ಒಂದು ಸೀಳು.

"ಅಯ್ಯೋ, ಮೂರು ದಿನದಿಂದ ಹುಡುಕ್ತಿದೀನಲ್ರೀ ಇದನ್ನ!" ಎಂದು ಪಂಕಜಾಕ್ಷಿ ಚಿಕ್ಕಮ್ಮ ಕಿರುಚಿದರು.

"ಈಗ ಅದು ಪಾತ್ರೆ ಅಲ್ಲ ಕಣೇ. ಇದರ ಹೆಸರು ಸಮಯಸಾಧಕ!"

"ಆ ಹೆಸರು ಅದನ್ನ ಮಾಡಿದವರಿಗೇ ಚೆನ್ನಾಗಿ ಒಪ್ಪುತ್ತೆ."

ಚಿಕ್ಕಪ್ಪ ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದಿಂದ ನಿವೃತ್ತರಾದವರು. ಅವರ ಹಿಂದಿನ ಯಂತ್ರ ಬಟ್ಟೆ ಒಣಗಿಸಲು ಹೋಗಿ ಬಡಾವಣೆಯ ಕಾಗೆಗಳನ್ನೆಲ್ಲ ಊರು ಬಿಡಿಸಿತ್ತು. ಆದರೂ ಈ ಸಲ ನಾನು ಅವರನ್ನು ತಡೆಯಲಿಲ್ಲ. ನನಗೂ ಬೇರೆ ದಾರಿ ಇರಲಿಲ್ಲ.

ತುಮಕೂರಿನಲ್ಲಿ ರುದ್ರಾರಾಧ್ಯರ ಬಟ್ಟೆ ಅಂಗಡಿಯಲ್ಲಿ ನಾನು ಬಿಲ್ ಹಾಕುತ್ತೇನೆ. ಬೆಳಗ್ಗೆ ಹತ್ತಕ್ಕೆ ಹೋದರೆ ರಾತ್ರಿ ಒಂಬತ್ತಕ್ಕೆ ಬಿಡುಗಡೆ. ನಾನು ಮನೆ ಸೇರುವಷ್ಟರಲ್ಲಿ ಒಂದನೇ ತರಗತಿಯ ನನ್ನ ಮಗಳು ಇಂಚರಾ ಮಲಗಿರುತ್ತಾಳೆ. "ನಮ್ಮಮ್ಮ ಬೆಳಗ್ಗೆ ಮಾತ್ರ ಇರ್ತಾಳೆ ಮಿಸ್" ಎಂದು ಶಾಲೆಯಲ್ಲಿ ಹೇಳಿದ್ದಳಂತೆ. ಅದನ್ನು ಕೇಳಿದ ದಿನವೇ ಸಂಜೆ ಐದೂವರೆಗೆ ಮುಗಿಯುವ ಕೆಲಸ ಹುಡುಕಲು ಶುರುಮಾಡಿದೆ. ಕೆಲಸಗಳೇನೋ ಇದ್ದವು. ಆದರೆ ಎಲ್ಲ ಸಂದರ್ಶನಗಳೂ ಹನ್ನೊಂದು ಗಂಟೆಗೆ! ರಜೆ ಕೇಳಿದರೆ ರುದ್ರಾರಾಧ್ಯರು, "ಮದುವೆ ಸೀಸನ್ನಮ್ಮಾ" ಎನ್ನುತ್ತಿದ್ದರು. ಅವರ ಪಂಚಾಂಗದಲ್ಲಿ ಹನ್ನೆರಡು ತಿಂಗಳೂ ಮದುವೆ ಸೀಸನ್ನೇ. ಮಂಗಳವಾರ ಮಾತ್ರ ಅವರು ದೇವಸ್ಥಾನಕ್ಕೆ ಹೋಗಿಬರುವುದರಿಂದ ಅಂಗಡಿ ಹನ್ನೊಂದಕ್ಕೆ ತೆರೆಯುತ್ತಿತ್ತು. ನನಗೆ ಸಿಗುತ್ತಿದ್ದ ಬಿಡುವು ಅದೊಂದೇ. ಅದನ್ನು ಹೇಳಲು ಸಂಕೋಚಪಟ್ಟು ಎರಡು ಕಡೆ "ಬರ್ತೀನಿ ಸಾರ್" ಎಂದು ಒಪ್ಪಿಕೊಂಡು, ಹೋಗಲಾಗದೆ ಕೆಟ್ಟವಳಾಗಿದ್ದೆ.

ಚಿಕ್ಕಪ್ಪ ಯಂತ್ರದ ಮುಂದೆ ನನ್ನನ್ನು ಹತ್ತು ನಿಮಿಷ ಮಾತಾಡಿಸಿ, ಸೀಳಿನೊಳಕ್ಕೆ ಪತ್ರಿಕೆಯ ಕೆಲಸದ ಜಾಹೀರಾತು ಪುಟ ತೂರಿಸಿದರು. ಅದರಲ್ಲಿರುವ ನಂಬರುಗಳಿಗೆಲ್ಲ ಇದೇ ಫೋನ್ ಮಾಡಿ ಸಂದರ್ಶನ ಗೊತ್ತುಮಾಡುತ್ತದಂತೆ. ಯಂತ್ರ ಅದನ್ನು ಹಪ್ಪಳದಂತೆ ಕರಕರ ಅಗಿಯಿತು. ಆಮೇಲೆ ಥೇಟ್ ನನ್ನ ಧ್ವನಿಯಲ್ಲಿ, "ನಾನು ವನಮಾಲಾ, ಬಿ.ಕಾಂ. ಮಂಗಳವಾರ ಒಂಬತ್ತೂವರೆಗೆ ಮಾತ್ರ ಬಿಡುವು. ಏನಂತೀರಿ?" ಎಂದಿತು.

"ನಿನಗಿಂತ ಧೈರ್ಯವಾಗಿ ಮಾತಾಡುತ್ತೆ ಕಣೇ!" ಎಂದರು ಚಿಕ್ಕಮ್ಮ.

ಮರುದಿನ ಅಂಗಡಿಯಲ್ಲಿ ಮಾಲೀಕರಿಗೆ ಒಂದು ಫೋನ್ ಬಂತು. ಗಿರಾಕಿಗಳ ಗದ್ದಲದಲ್ಲಿ ಕೇಳಿಸದೆ ಅವರು ಸ್ಪೀಕರ್ ಹಾಕಿದರು.

"ನಮಸ್ಕಾರ ಸಾರ್. ಬಿಲ್ಲಿಂಗ್‌ಗೆ ಜನ ಬೇಕು ಅಂತ ಪೇಪರಲ್ಲಿ ನೋಡ್ದೆ. ನಾನು ವನಮಾಲಾ."

ನಮ್ಮ ಯಂತ್ರವೇ! ಮಾಲೀಕರು ಅಂಗಡಿಯ ಹೆಸರಿಲ್ಲದೆ ಬರೀ ನಂಬರ್ ಕೊಟ್ಟು ಜಾಹೀರಾತು ಹಾಕಿಸಿದ್ದು ನನಗೆಲ್ಲಿ ಗೊತ್ತಿತ್ತು?

"ಅರೆ! ನಮ್ಮಲ್ಲೂ ಒಬ್ಬಳು ವನಮಾಲಾ ಇದಾಳೆ. ಧ್ವನೀನೂ ಹಂಗೇ ಇದೆ!" ಎಂದು ಅವರು ನನ್ನತ್ತ ನೋಡಿದರು. ನಾನು ತಲೆ ತಗ್ಗಿಸಿ ಬಿಲ್ ಹಾಕತೊಡಗಿದೆ. "ನಾಳೆ ಹನ್ನೊಂದಕ್ಕೆ ಬಾರಮ್ಮ."

"ಆಗಲ್ಲ ಸಾರ್. ಈಗಿನ ಮಾಲೀಕರು ಅರ್ಧ ಗಂಟೇನೂ ಬಿಡಲ್ಲ. ಮಂಗಳವಾರ ಒಂಬತ್ತೂವರೆಗೆ ನೀವೇ ಮನೆಗೆ ಬನ್ನಿ."

"ಅರ್ಧ ಗಂಟೇನೂ ಬಿಡಲ್ವಾ? ಎಂಥ ಕಟುಕನಮ್ಮ ಅವನು!"

"ತುಂಬಾ ಕಟುಕ ಸಾರ್."

ಅವರು ಮರುಗುತ್ತಲೇ ವಿಳಾಸ ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನೋಡ್ದಾ, ಎಂಥೆಂಥವರು ಇರ್ತಾರೆ! ನೀನು ಪುಣ್ಯ ಮಾಡಿದ್ದೆ" ಎಂದರು.

ಮನೆಗೆ ಬಂದವಳೇ, "ಚಿಕ್ಕಪ್ಪಾ, ನಿಲ್ಲಿಸಿ ಅದನ್ನ!" ಎಂದು ಕೂಗಿದೆ. ಅಷ್ಟರಲ್ಲಿ ಯಂತ್ರ ನಲವತ್ತೊಂದು ಕಡೆ ಮಾತಾಡಿ ಮುಗಿಸಿತ್ತು! ಚಿಕ್ಕಪ್ಪ 'ಹಟ' ಎಂಬ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಬಿಟ್ಟಿದ್ದರು. ಅದು ಅಲ್ಲೇ ಸಿಕ್ಕಿಹಾಕಿಕೊಂಡಿತ್ತು.

ಮಂಗಳವಾರ ಒಂಬತ್ತೂವರೆಗೆ ನಮ್ಮ ಗೇಟಿನ ಮುಂದೆ ಹನ್ನೊಂದು ಜನ ಸಾಲಾಗಿ ನಿಂತಿದ್ದರು. ಪಕ್ಕದ ಮನೆಯವರು ರೇಷನ್ ಕೊಡುತ್ತಿದ್ದಾರೆಂದುಕೊಂಡು ಚೀಲ ಹಿಡಿದು ಬಂದರು!

"ಒಬ್ಬೊಬ್ಬರಾಗಿ ಬನ್ನಿ!" ಎಂದು ಯಂತ್ರ ಗದರಿತು. "ನಿಮ್ಮ ಹತ್ರ ನಾನ್ಯಾಕೆ ಕೆಲಸಕ್ಕೆ ಸೇರಬೇಕು? ಎರಡು ನಿಮಿಷದಲ್ಲಿ ಹೇಳಿ. ನಿಮ್ಮ ದೌರ್ಬಲ್ಯ ಏನು?"

"ಸಿಟ್ಟು, ಮೇಡಂ" ಎಂದು ಎಣ್ಣೆ ಗಿರಣಿಯ ಮ್ಯಾನೇಜರ್ ಕೈಕಟ್ಟಿ ನಿಂತು ಉತ್ತರಿಸಿದರು.

"ಮುಂದಿನವರು!"

ಮುಂದಿನವರು ಹಣ್ಣುಕಾಯಿ ಬುಟ್ಟಿ ಹಿಡಿದ ರುದ್ರಾರಾಧ್ಯರು. ನನ್ನನ್ನು ಕಂಡು ಅವರ ಬಾಯಿ ತೆರೆದದ್ದು ತೆರೆದೇ ಇತ್ತು. ನಾನು ಯಂತ್ರದ ವೈರ್ ಕಿತ್ತೆ. ಎಲ್ಲರಿಗೂ ಕೇಳುವಂತೆ ಹೇಳಿದೆ.

"ನಿಜವಾದ ವನಮಾಲಾ ನಾನೇ. ವಾರಕ್ಕೆ ಇದೊಂದು ಹೊತ್ತು ಬಿಟ್ಟು ನನಗೆ ಬಿಡುವಿಲ್ಲ. ಸಂಜೆ ಮಗಳ ಜೊತೆ ಇರಬೇಕು. ಅಷ್ಟೇ."

ಸಾಲಿನಲ್ಲಿದ್ದ ಮುದ್ರಣಾಲಯದ ಕಲಾವತಿ ಮೇಡಂ ನಕ್ಕುಬಿಟ್ಟರು. "ಇಷ್ಟು ಹೇಳೋಕೆ ಮಿಷನ್ ಯಾಕಮ್ಮ ಬೇಕಿತ್ತು? ಹೇಳಿದ್ರೆ ನಿನ್ನ ಸಂದರ್ಶನಕ್ಕೋಸ್ಕರ ಎಂಟಕ್ಕೇ ಪ್ರೆಸ್ ತೆಗೀತಿದ್ದೆ." ಅಲ್ಲೇ ಜಗಲಿಯ ಮೇಲೆ ಕೂರಿಸಿಕೊಂಡು ಲೆಕ್ಕಪತ್ರದ ಬಗ್ಗೆ ಇಪ್ಪತ್ತು ನಿಮಿಷ ಪ್ರಶ್ನೆ ಕೇಳಿದರು. ನನ್ನ ಉತ್ತರ ಒಂದೂ ತಪ್ಪಲಿಲ್ಲ! "ಐದೂವರೆಗೆ ಮನೆಗೆ. ಒಂದನೇ ತಾರೀಕು ಬಂದುಬಿಡು" ಎಂದರು.

ರುದ್ರಾರಾಧ್ಯರು ಬುಟ್ಟಿಯಿಂದ ಒಂದು ಬಾಳೆಹಣ್ಣು ತೆಗೆದು ನನ್ನ ಕೈಗಿಟ್ಟರು. "ಕಟುಕ ಅಂತ ನನ್ನ ಬಾಯಿಂದಲೇ ಹೇಳಿಸಿದೆಯಲ್ಲಮ್ಮ! ಹೋಗು, ಚೆನ್ನಾಗಿರು. ಹಬ್ಬದ ಬಟ್ಟೆ ಮಾತ್ರ ನಮ್ಮಲ್ಲೇ ತಗೋಬೇಕು."

ಈಗ ಸಂಜೆ ಆರಕ್ಕೆ ನಾನೂ ಇಂಚರಾಳೂ ಮೆಟ್ಟಿಲ ಮೇಲೆ ಕೂತು ಕಡ್ಲೆಪುರಿ ತಿನ್ನುತ್ತೇವೆ. ಅವಳ ಮಾತು ಮುಗಿಯುವುದೇ ಇಲ್ಲ.

ಆದರೆ ಯಂತ್ರದ ಕೆಲಸ ಮುಗಿದಿರಲಿಲ್ಲ. ವೈರ್ ಕಿತ್ತರೂ ಅದರೊಳಗೆ ಬ್ಯಾಟರಿ ಇರುವುದನ್ನು ಚಿಕ್ಕಪ್ಪನೇ ಮರೆತಿದ್ದರು! ತಿಂಗಳೊಪ್ಪತ್ತಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಅವರ ಹೆಸರಿಗೊಂದು ನೇಮಕಾತಿ ಪತ್ರ ಬಂತು. ಒಂದು ತರಬೇತಿ ಕೇಂದ್ರದಲ್ಲಿ ರಿಪೇರಿ ಕಲಿಸುವ ಮೇಷ್ಟ್ರ ಕೆಲಸ. ಬೆಳಗ್ಗೆ ಒಂಬತ್ತರಿಂದ ಆರು, ವಾರಕ್ಕೆ ಆರು ದಿನ. ಚಿಕ್ಕಪ್ಪ ಹಗಲೆಲ್ಲ ಅದರ ಮುಂದೆ ಕೊಚ್ಚಿಕೊಂಡದ್ದನ್ನು ಕೇಳಿ ಕೇಳಿ ಅವರ ಧ್ವನಿಯನ್ನೂ ಕಲಿತು, "ನನಗೆ ಯಾವಾಗ ಬೇಕಾದ್ರೂ ಬಿಡುವು ಸಾರ್" ಎಂದು ಅದು ಅವರ ಪರವಾಗಿ ಒಪ್ಪಿಕೊಂಡುಬಿಟ್ಟಿತ್ತು!

ಈಗ ಚಿಕ್ಕಪ್ಪ ಊಟದ ಡಬ್ಬಿ ಹಿಡಿದು ದಿನಾ ಎಂಟೂವರೆ ಬಸ್ಸಿಗೆ ಓಡುತ್ತಾರೆ. ಚಿಕ್ಕಮ್ಮ ನಿಶ್ಶಬ್ದವಾದ ಮನೆಯಲ್ಲಿ ಕಾಲು ಚಾಚಿ ಕೂತು ಹೇಳಿದರು:

"ನಿಮ್ಮ ಚಿಕ್ಕಪ್ಪ ಮಾಡಿದ ಯಂತ್ರಗಳಲ್ಲಿ ಇದೊಂದೇ ಕಣೇ ಸರಿಯಾಗಿ ಕೆಲಸ ಮಾಡಿದ್ದು."