ಬೋರ್ಡು ಬೇಡದ ವ್ಯಾಪಾರ

ರೂಪಶ್ರೀ: ಬೋರ್ಡು ಬ್ಯಾಡ ಅಂದ್ರೆ ಬ್ಯಾಡ ರೀ.

ಸಿದ್ದಲಿಂಗೇಶ್: ದಿನಕ್ಕೆ ಮುನ್ನೂರು ರೊಟ್ಟಿ ಮಾರ್ತೀಯ, ಪಕ್ಕದ ಓಣಿಗೂ ಗೊತ್ತಿಲ್ಲ. ಬೋರ್ಡು ಹಾಕಿದ್ರೆ ಆರುನೂರು ಆಗ್ತೈತೆ.

ರೂಪಶ್ರೀ: ಹಾಕಿದ್ರೆ ಮೂವತ್ತೂ ಆಗಲ್ಲ.

ಚನ್ನಗಿರಿಯ ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದ ಸಿದ್ದಲಿಂಗೇಶನಿಗೆ ಹೆಸರಿಲ್ಲದ ವ್ಯಾಪಾರವೆಂದರೆ ನಾಮಕರಣವಾಗದ ಕೂಸು. ಹೆಂಡತಿಯ ಜೋಳದ ರೊಟ್ಟಿ ವ್ಯಾಪಾರಕ್ಕೆ ಎರಡು ವರ್ಷ ತುಂಬಿದ್ದೇ ನೆಪವಾಗಿ, ಅವಳನ್ನು ಕೇಳದೆಯೇ ಬೋರ್ಡು ಬರೆಯಲು ಕೊಟ್ಟಿದ್ದ.

ಸಿದ್ದಲಿಂಗೇಶ್: ಜನಕ್ಕೆ ಏನು ಬೇಕೋ ಅದನ್ನ ಕೊಡೋದೇ ವ್ಯಾಪಾರ. ಜನಕ್ಕೆ ರೊಟ್ಟಿ ಬೇಕು.

ರೂಪಶ್ರೀ: ರೊಟ್ಟಿ ಯಾರಿಗೆ ಬೇಕಾಗೈತೆ? ಕೊಳ್ಳೋ ಹೆಂಗಸ್ರಿಗೆ 'ನಾನೇ ತಟ್ಟಿದ್ದು' ಅಂತ ಮನೆಯೋರ ಮುಂದೆ ಹೇಳ್ಕೊಳ್ಳಾಕೆ ಬೇಕು. ಅದಕ್ಕೇ ಎಲ್ಲಾರೂ ಹಿತ್ತಲ ಬಾಗಿಲಿಗೆ ಬರೋದು. ನೀವು ಮುಂದೆ ಬೋರ್ಡು ಹಾಕಿದ್ರೆ ಹಿಂದೆ ಯಾರು ಬರ್ತಾರೆ?

ಸಿದ್ದಲಿಂಗೇಶ್: ಯಾರಾರು ಬರ್ತಾರೆ, ಹೇಳು ನೋಡಾನ.

ರೂಪಶ್ರೀ: ಡಾಕ್ಟರು ರೋಗಿಗಳ ಹೆಸರು ಹೇಳ್ತಾರಾ?

ಅಷ್ಟರಲ್ಲಿ ಪೇಂಟರ್ ಜಂಪಣ್ಣ ಬೈಕಿನ ಮೇಲೆ ಬೋರ್ಡು ಕಟ್ಟಿಕೊಂಡು ಬಂದಿಳಿದ. ಅದರ ಮೇಲೆ 'ರೂಪಶ್ರೀ ಕೈರೊಟ್ಟಿ ಕೇಂದ್ರ' ಎಂಬ ಕೆಂಪಕ್ಷರಗಳು ಇನ್ನೂ ಒದ್ದೆಯಾಗಿದ್ದವು.

ಜಂಪಣ್ಣ: ಅಕ್ಕಾರೆ, ತಪ್ಪು ತಿಳ್ಕೋಬ್ಯಾಡ್ರಿ. ಬೋರ್ಡೇನೋ ಚೆಂದ ಬಂದೈತೆ. ಆದ್ರೆ ರೊಟ್ಟಿನೂ ಕೊಂಡು ತಿನ್ನೋ ಸಂಸಾರ ಈ ಊರಾಗೆ ಐತಾ?

ರೂಪಶ್ರೀ: ನಿಮ್ಮನೇಲಿ ಹೆಂಗೆ ಜಂಪಣ್ಣ?

ಜಂಪಣ್ಣ: ನಮ್ಮ ಸುನೀತಾ ಬೆಳಗ್ಗೆ ಐದಕ್ಕೇ ತಟ್ಟಾಕೆ ಕೂತ್ಕೊಳ್ತಾಳೆ. ಆ ಪಟಪಟ ಸದ್ದಿಗೇ ನನಗೆ ಎಚ್ಚರ.

ಸಿದ್ದಲಿಂಗೇಶ್: ಒಂದಿನ ಕೊಂಡು ತಂದಾಳಪ್ಪ. ಆವಾಗ?

ಜಂಪಣ್ಣ: ತಟ್ಟೆ ಮುಟ್ಟಲ್ಲ ನಾನು. ಕೊಂಡು ತಂದಿದ್ದಾದ್ರೆ ಒಂದು ತುತ್ತಿಗೇ ಗೊತ್ತಾಗ್ತೈತೆ ನನಗೆ.

ಕಟ್ಟೆಯ ಮೇಲಿದ್ದ ರೂಪಶ್ರೀಯ ಫೋನು ಸದ್ದು ಮಾಡಿತು. ಹತ್ತಿರವಿದ್ದ ಸಿದ್ದಲಿಂಗೇಶ್ ಎತ್ತಿಕೊಂಡು ಮನಸ್ಸಿನಲ್ಲೇ ಓದಿದ: 'ಅಕ್ಕ, ನಾಳೆಗೆ ಹದಿನಾಲ್ಕು. ಎರಡರ ಅಂಚು ಸ್ವಲ್ಪ ಹರಿದಿರಲಿ. ಮೊನ್ನೆ ಎಲ್ಲಾ ದುಂಡಗಿದ್ವು, ಇವರು ಅನುಮಾನ ಪಟ್ರು. ಇಂತಿ ಸುನೀತಾ, ಪೇಂಟರ್ ಮನೆ.' ಓದಿ, ಜಂಪಣ್ಣನಿಗೆ ಕಾಣದಂತೆ ಫೋನನ್ನು ಹೆಂಡತಿಯ ಕಡೆ ತಿರುಗಿಸಿದ.

ಜಂಪಣ್ಣ: ಮೊಳೆ ಎಲ್ಲಿ ಹೊಡೀಲಿ ಅಣ್ಣಾರೆ?

ಸಿದ್ದಲಿಂಗೇಶ್: ಎಲ್ಲೂ ಬ್ಯಾಡಪ್ಪ. ನೀನೇ ಅಂದ್ಯಲ್ಲ, ಈ ಊರಾಗೆ ರೊಟ್ಟಿ ಯಾರೂ ಕೊಳ್ಳಲ್ಲ ಅಂತ.

ಜಂಪಣ್ಣ: ನೋಡ್ರಿ, ನಾನು ಹೇಳಿದ್ದಕ್ಕೆ ಉಳ್ಕೊಂಡ್ರಿ. ನಾಳೆ ನಮ್ಮನೆ ರೊಟ್ಟಿ ಎರಡು ಕಳಿಸ್ತೀನಿ. ಅಕ್ಕಾರು ಹದ ನೋಡಿ ಕಲ್ತ್ಕೊಳ್ಳಲಿ.

ರೂಪಶ್ರೀ: ದುಂಡಗಿರೋವು ಕಳಿಸ್ರಿ. ಅಂಚು ಹರಿದಿದ್ದು ನೀವು ಇಟ್ಕೊಳ್ರಿ.

ಜಂಪಣ್ಣ ಉಪದೇಶ ಮಾಡಿದ ತೃಪ್ತಿಯಲ್ಲಿ ಬೋರ್ಡನ್ನು ಮತ್ತೆ ಬೈಕಿಗೆ ಕಟ್ಟಿಕೊಂಡು ಹೋದ.

ಸಿದ್ದಲಿಂಗೇಶ್: ಅಲ್ಲ ರೂಪಾ, ರೊಟ್ಟಿ ನಿಂದು ಅಂದ್ಮೇಲೆ, ಅವನಿಗೆ ಐದಕ್ಕೆ ಕೇಳೋ ಸದ್ದು?

ರೂಪಶ್ರೀ: ಅದನ್ನೂ ನಾನೇ ರೆಕಾರ್ಡ್ ಮಾಡಿ ಕಳಿಸಿರೋದು, ಸುನೀತಾನ ಫೋನಿಗೆ. ಇಪ್ಪತ್ತು ನಿಮಿಷದ್ದು. ನಿಜ ಅನ್ನಿಸ್ಲಿ ಅಂತ ನಡುವೆ ಎರಡು ಸಲ ಕೆಮ್ಮೀನಿ.

ಸಿದ್ದಲಿಂಗೇಶನಿಗೆ ಹೆಂಡತಿಯ ಮೇಲೆ ಹೊಸದಾಗಿ ಗೌರವ ಹುಟ್ಟಿತು. ಅದರ ಬೆನ್ನಿಗೇ ಕನಿಕರವೂ ಬಂತು.

ಸಿದ್ದಲಿಂಗೇಶ್: ಆದ್ರೂ ಮುನ್ನೂರು ರೊಟ್ಟಿ ಒಬ್ಬಳೇ ತಟ್ಟೋದು ಅಂದ್ರೆ ಹುಡುಗಾಟ ಅಲ್ಲ. ದಿನಾ ಮಲಗಿದ್ದಲ್ಲೇ ಕೇಳಿಸ್ಕೊಳ್ತಿರ್ತೀನಿ. ಪಾಪ ಅನ್ನಿಸ್ತೈತೆ.

ರೂಪಶ್ರೀ: ರೊಟ್ಟಿ ಜಗಳೂರಿಂದ ಸಂಜೆ ಬಸ್ಸಿಗೆ ಬರ್ತಾವೆ ರೀ. ನೀವು ಅಂಗಡೀಲಿ ಇದ್ದಾಗ.

ಸಿದ್ದಲಿಂಗೇಶ್: ಮತ್ತೆ ನಮ್ಮನೇಲಿ ಐದಕ್ಕೆ...

ರೂಪಶ್ರೀ: ಅದನ್ನ ಮೊದಲು ರೆಕಾರ್ಡ್ ಮಾಡಿದ್ದೇ ನಿಮಗೋಸ್ಕರ. ಬ್ಯಾರೆ ಮನೆಗಳಿಗೂ ಬೇಕಾಗ್ತೈತೆ ಅಂತ ಆಮೇಲೆ ಹೊಳೀತು.