ನಾಲ್ಕನೆಯ ಅಂಕಿ

ನಮ್ಮ ಸೋದರಮಾವನಂಥ ಜಿಪುಣ ಇಡೀ ಗದಗ-ಬೆಟಗೇರಿಯಲ್ಲಿ ಇನ್ನೊಬ್ಬ ಸಿಗಲಿಕ್ಕಿಲ್ಲ. ಗಿರಮಿಟ್ಟು ಕೊಡಿಸುವುದರಲ್ಲಿ ಧಾರಾಳಿ, ಜಿಪುಣತನವೆಲ್ಲ ಮಾತಿನಲ್ಲಿ!

ಮಾವ ನೇಕಾರ. ಸೀರೆಯ ಹಾಸಿಗೆ ಉದ್ದೆಳೆ ಜೋಡಿಸುತ್ತಿದ್ದ ಅತ್ತೆಗೆ ಬಣ್ಣದ ಹೆಸರನ್ನೇ ಹೇಳುತ್ತಿರಲಿಲ್ಲ. ಕೆಂಪು, ಹಸಿರು, ಹಳದಿ ಎಂಬ ಸರದಿ ಮೊದಲೇ ಮಾತಾಗಿರುತ್ತಿತ್ತು. ಆಮೇಲೆ ಬರೀ "ಎಂಟು, ನಾಲ್ಕು, ಎರಡು" ಎಂದು ಎಳೆಗಳ ಲೆಕ್ಕ. ಒಮ್ಮೆ ಸರದಿಯನ್ನು ಮನಸ್ಸಿನಲ್ಲೇ ಬದಲಿಸಿಕೊಂಡು, ಹೇಳುವುದನ್ನು ಮರೆತ. ಅಂಚಿಗೆ ಬರಬೇಕಾದ ಹಸಿರು ಮೈತುಂಬ ಬಂತು!

"ಇಷ್ಟೂ ತಿಳಿಬಾರದ?" ಎಂದ ಮಾವ.

"ನಾ ಏನ್ ನಿಮ್ಮ ತಲಿಯೊಳಗ ಕುಂತೀನೇನ್ರಿ?" ಎಂದಳು ಅತ್ತೆ. ಆ ಸೀರೆಯನ್ನು ಯಾರೂ ಕೊಳ್ಳಲಿಲ್ಲ. ಅವಳೇ ಉಟ್ಟಳು.

ನಮ್ಮ ಮನೆತನದಲ್ಲಿ ಡಿಗ್ರಿ ಕಂಡವನು ನಾನೇ ಮೊದಲು. ಮಗ್ಗದ ಸದ್ದಿನಲ್ಲಿ ಓದಿ ಪಾಸಾದ ಡಿಗ್ರಿ, ಸುಮ್ಮನೇ? ಮುಂಡರಗಿಯಲ್ಲಿ, ಪೇಟೆ ಧಾರಣೆ ತಿಳಿಸುವ ಮೊಬೈಲ್ ಆ್ಯಪ್ ನೋಡಿಕೊಳ್ಳುವ ಕೆಲಸ ಸಿಕ್ಕಿತು; ಅಲ್ಲೇ ರೂಮು ಮಾಡಿದೆ. ಶಿರಹಟ್ಟಿ, ಲಕ್ಷ್ಮೇಶ್ವರದ ರೈತರದು ಒಂದೇ ತಕರಾರು: ಪಟ್ಟಿ ಬರುವಷ್ಟರಲ್ಲಿ ಫೋನು ಬಿಸಿ, ಬ್ಯಾಟರಿ ಖಾಲಿ! ಕಾರಣ ಹುಡುಕಿ ಸೋತು, ಫೋನಿಗೆ ಹೋಗುವ ಆ ಪಟ್ಟಿಯನ್ನು ಬೆಟಗೇರಿಗೆ ಬಂದಾಗ ಮಾವನಿಗೆ ತೋರಿಸಿದೆ. ಪ್ರತಿ ಸಾಲಿನಲ್ಲೂ ಊರು ಗದಗ, ಬೆಳೆ ಉಳ್ಳಾಗಡ್ಡಿ, ಧಾರಣೆ ಇಷ್ಟು...

"ಸಾಲ್‌ಸಾಲಿಗೂ ಇದ ಹಾಡೇನಲೇ? ಸರದಿ ಒಮ್ಮೆ ಹೇಳಿದ್ರ ಆತು. ಪಾಪ, ಫೋನ್ ಆದ್ರೂ ಎಷ್ಟಂತ ಹೊರಬೇಕು!"

ಹೀಗೆ ಹೆಸರು ಹಚ್ಚಿ ಕಳಿಸುವುದಕ್ಕೆ ನಮ್ಮ ಕಸುಬಿನಲ್ಲಿ ಜೇಸನ್ ಎನ್ನುತ್ತಾರೆ. ಸರದಿಯನ್ನು ಮೊದಲೇ ಒಪ್ಪಿಕೊಂಡು, ಬರೀ ಅಂಕಿಗಳನ್ನು ಬಿಗಿಯಾಗಿ ಕಟ್ಟಿ ಕಳಿಸುವ ಪದ್ಧತಿಯೂ ಉಂಟು. ಅದಕ್ಕೆ ಬದಲಿಸಿದೆ. ಪಟ್ಟಿ ಜಲ್ದಿ ಬರತೊಡಗಿತು, ಫೋನು ತಣ್ಣಗಾಯಿತು. ನನ್ನ ಡಿಗ್ರಿಯೂ ತುಸು!

ಅಂದಿನಿಂದ ಮಾವ ನನಗೆ ದಿನಾ ಮೂರು ಅಂಕಿ ಕಳಿಸತೊಡಗಿದ: ತಿಂದ ರೊಟ್ಟಿ, ನೇಯ್ದ ಮೊಳ, ಹತ್ತಕ್ಕೆ ಎಷ್ಟು ಮೊಣಕಾಲು ನೋವು. ಒಂದು ದಿನ ಮೂರನೆಯದು ಹತ್ತು! ಗಾಬರಿಯಾಗಿ ಫೋನ್ ಮಾಡಿದೆ.

"ಮಾಮಾ, ಭಾಳ ನೋವೈತೇನು?"

"ಹತ್ತು ಅಂತ ಬರದೀನಲ್ಲಲೇ! ಮತ್ಯಾಕ ಬ್ಯಾಟರಿ ಸುಡತಿ?" ಫೋನ್ ಇಟ್ಟೇಬಿಟ್ಟ.

ಒಂದು ಬೆಳಗ್ಗೆ ನಾಲ್ಕನೆಯ ಅಂಕಿಯೊಂದು ಸೇರಿತು: ಇಪ್ಪತ್ತೆರಡು. ಮರುದಿನ ಇಪ್ಪತ್ಮೂರು. ಗೊತ್ತಿಲ್ಲದ ಅಂಕಿ ಬಂದರೆ ನನ್ನ ಆ್ಯಪ್ ತಕರಾರಿಲ್ಲದೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ನಾನೂ ಹಾಗೇ ಮಾಡಿದೆ. ಕೇಳಿದರೆ ಬೈಯುತ್ತಾನೆ ಎಂಬುದೊಂದು ನೆಪ.

ಕೊನೆಯ ಸಂದೇಶ: 1 0 8 94. ಮರುದಿನ ಅಂಕಿ ಬರಲಿಲ್ಲ, ಅತ್ತೆಯ ಫೋನ್ ಬಂತು. ಮಾವ ಹೋಗಿಬಿಟ್ಟಿದ್ದ.

ಮೂರನೆಯ ದಿನ, ಆ ಹಸಿರು ಸೀರೆಯುಟ್ಟು ಮಗ್ಗದ ಪಕ್ಕ ಕುಳಿತಿದ್ದ ಅತ್ತೆಗೆ ನಾಲ್ಕನೆಯ ಅಂಕಿ ಏನೆಂದು ಕೇಳಿದೆ.

"ಮತ್ತ ಸರದಿ ಹೇಳಾಕ ಮರತ್ರೇನು?" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ನೀ ಮನಿಗೆ ಬಂದು ಎಷ್ಟ ದಿನ ಆತು ಅಂತಪ್ಪ ಅದು. 'ಅಂವಾ ಬಂದ ದಿನ ಮತ್ತ ಸೊನ್ನಿಯಿಂದ ಸುರು ಮಾಡೂಣು' ಅಂತಿದ್ರು."

ಮುಂಡರಗಿಯಿಂದ ಬೆಟಗೇರಿಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ.