ಇಪ್ಪತ್ನಾಲ್ಕನೆಯ ಬೈಕಿಗೆ ನಾನು ತಂದ ಹೊಳಪು

ಆ ಭಾನುವಾರ ನಮ್ಮ ಹಳೇ ಬೈಕುಗಳ ಕ್ಲಬ್ಬಿನಲ್ಲಿ ನನ್ನ ಮಾನವನ್ನು ಮರಳಿ ಗಳಿಸಿಯೇ ತೀರುವೆನೆಂದು ಪಣ ತೊಟ್ಟಿದ್ದೆ! ಕಾರಣವಿತ್ತು. ಹಿಂದಿನ ಸಲದ ಸವಾರಿಯಲ್ಲಿ ನನ್ನ ಬೈಕು ನಡುರಸ್ತೆಯಲ್ಲಿ ಮುಷ್ಕರ ಹೂಡಿ, ಕೊನೆಗೆ ಒಂದು ಲಾರಿಯೊಳಗೆ, ಯಾರದೋ ಎರಡು ಸೋಫಾಗಳ ನಡುವೆ ಹಾಯಾಗಿ ಮಲಗಿ ಮನೆ ಸೇರಿತ್ತು. ಅಂದಿನಿಂದ ಕ್ಲಬ್ಬಿನ ಅಧ್ಯಕ್ಷರು, ನಾವೆಲ್ಲ 'ಪಿಸ್ಟನ್ ಮಾವ' ಎಂದು ಕರೆಯುವ ಹಿರಿಯರು, ನನ್ನನ್ನು 'ಸೋಫಾ ಸವಾರ' ಎನ್ನತೊಡಗಿದ್ದರು.

ಈ ಸಲ ಹೋಗಬೇಕಾಗಿದ್ದದ್ದು ನಿವೃತ್ತ ಕಣ್ಣಿನ ಡಾಕ್ಟರೊಬ್ಬರ ಮನೆಗೆ. ಅವರ ಬಳಿ ಇಪ್ಪತ್ನಾಲ್ಕು ಹಳೇ ಬೈಕುಗಳಿವೆಯಂತೆ. ಹೊರಗಿನವರಿಗೆ ತೋರಿಸುವುದೇ ಇಲ್ಲವಂತೆ. ಪಿಸ್ಟನ್ ಮಾವ ಎರಡು ವರ್ಷ ಬೆನ್ನು ಬಿದ್ದು ಒಪ್ಪಿಸಿದ್ದರು. ನಾನು ವಾರವಿಡೀ, ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಮುಗಿಸಿ ಬಂದವನೇ ಬೈಕಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಉಜ್ಜಿದೆ. ಉಜ್ಜಿದೆ ಎಂದರೆ ಎಂಥ ಉಜ್ಜು! ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ರೀ, ಬಣ್ಣ ಕಿತ್ತು ಬರೋವರೆಗೂ ಬಿಡೋದಿಲ್ವಾ?"

"ನೋಡ್ತಿರು, ಅಲ್ಲಿ ಎಲ್ಲರ ಕಣ್ಣು ಕುಕ್ಕಬೇಕು!"

"ಹೇಗೂ ಕಣ್ಣಿನ ಡಾಕ್ಟ್ರ ಮನೆ. ತೊಂದ್ರೆಯಿಲ್ಲ ಬಿಡಿ."

ಭಾನುವಾರ ಬೆಳಗ್ಗೆ ಹನ್ನೊಂದು ಬೈಕುಗಳು ಹೊರಟವು. ನನ್ನ ಬೈಕಿನ ಪಕ್ಕದ ತೊಟ್ಟಿಲಿನಂಥ ಗಾಡಿಯಲ್ಲಿ ಹೆಂಡತಿ, ಅವಳ ಕಾಲ ಬಳಿ ನನ್ನ ಪಾಲಿಶ್ ಡಬ್ಬಿ ಮತ್ತು ಎರಡು ಹಳದಿ ಬಟ್ಟೆ. ಬೈಕು ಎಲ್ಲಿಯೂ ನಿಲ್ಲಲಿಲ್ಲ! ಗೇಟಿನಲ್ಲೇ ಕಾಯುತ್ತಿದ್ದ ಡಾಕ್ಟರು ಸಣಕಲು ದೇಹದ, ಮೆದು ಮಾತಿನ ಮುದುಕರು. ನನ್ನ ಬೈಕನ್ನು ಒಂದು ಸುತ್ತು ಬಂದು, "ಇಷ್ಟು ಚೆನ್ನಾಗಿ ಇಟ್ಕೊಂಡಿರೋದನ್ನ ನಾನು ಎಲ್ಲೂ ನೋಡಿಲ್ಲ" ಎಂದರು.

ನನ್ನನ್ನು ಹಾಳು ಮಾಡಿದ್ದು ಈ ಒಂದು ವಾಕ್ಯ. ನನ್ನ ತಲೆ ಹೆಲ್ಮೆಟ್ಟಿಗಿಂತ ದೊಡ್ಡದಾಯಿತು.

ಮನೆಯ ಹಿಂದಿನ ಉದ್ದನೆಯ ಶೆಡ್ಡಿನಲ್ಲಿ ಬೈಕುಗಳು ಸಾಲಾಗಿ ನಿಂತಿದ್ದವು. ಒಂದೊಂದರಲ್ಲೂ ಮುಖ ನೋಡಿಕೊಳ್ಳಬಹುದಿತ್ತು. ಡಾಕ್ಟರು ಪ್ರತಿಯೊಂದರ ಜಾತಕ ಹೇಳುತ್ತಾ ನಡೆದರು. ಇಪ್ಪತ್ಮೂರು ಮುಗಿದವು. ಕೊನೆಯಲ್ಲಿ, ಬಾಗಿಲ ಪಕ್ಕ, ಚಕ್ರದಿಂದ ಸೀಟಿನವರೆಗೆ ಒಣಮಣ್ಣು ಮೆತ್ತಿಕೊಂಡ ಇಪ್ಪತ್ನಾಲ್ಕನೆಯದು!

"ಇದು ಹೀಗೇ ಇರ್ಲಿ" ಎಂದಷ್ಟೇ ಹೇಳಿ ಡಾಕ್ಟರು ನಮ್ಮನ್ನು ಚಹಾಕ್ಕೆ ಕರೆದರು.

ಮೂವತ್ತು ವರ್ಷ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವನಿಗೆ ಅಂಥದ್ದನ್ನು ನೋಡಿ ಸುಮ್ಮನಿರಲಾಗುತ್ತದೆಯೇ? ಹೆಂಡತಿಯ ಕಿವಿಯಲ್ಲಿ ಹೇಳಿದೆ: "ಪಾಪ ಕಣೆ, ವಯಸ್ಸಾಯ್ತು. ಕೊನೆಯದಕ್ಕೆ ಕೈಲಾಗಿಲ್ಲ."

"ಅವರ ಗಾಡಿ, ಅವರ ಮಣ್ಣು. ನಿಮಗೇನ್ರಿ?"

"ಒಂದು ಉಪಕಾರ..."

"ಚಹಾ ಕುಡೀರಿ."

ಅರ್ಧ ಕಪ್ ಕುಡಿದೆ. ಗಾಡಿಗೆ ಬೀಗ ಹಾಕಿದೆನೋ ಇಲ್ಲವೋ ನೋಡಿ ಬರುವೆನೆಂದು ಎದ್ದೆ. ಪಾಲಿಶ್ ಡಬ್ಬಿ ಬಗಲಿಗೆ, ನಲ್ಲಿಯ ಪಕ್ಕದ ಬಕೆಟ್ಟು ಕೈಗೆ! ಹಿಂದಿನ ಮಡ್‌ಗಾರ್ಡಿನ ಮೇಲೆ ಐದು ಬೆರಳುಗಳ ಗುರುತು ಅಚ್ಚೊತ್ತಿದಂತೆ ಕಂಡಿತು. ಯಾರೋ ನೋಡಲು ಬಂದವರು ಕೈಯಿಟ್ಟಿರಬೇಕು, ಎಂಥ ಅಶಿಸ್ತು ಎಂದುಕೊಂಡು ಮೊದಲು ಅದನ್ನೇ ಒರೆಸಿದೆ. ಒಳಗೆ ಪಿಸ್ಟನ್ ಮಾವನ ಭಾಷಣ ಆರಂಭವಾಗಿದ್ದರಿಂದ ನನಗೆ ಮುಕ್ಕಾಲು ಗಂಟೆ ಸಿಕ್ಕಿತು. ಮಣ್ಣಿನಡಿಯಿಂದ ಕಡುನೀಲಿ ಬಣ್ಣ ಫಳಫಳ ಹೊರಬಂತು.

ಓಡಿ ಹೋಗಿ ಎಲ್ಲರನ್ನೂ ಕರೆದೆ. "ಡಾಕ್ಟ್ರೇ, ಒಂದು ನಿಮಿಷ ಕಣ್ಣು ಮುಚ್ಚಿ!" ಪಾಪ, ಅವರು ನಗುತ್ತಲೇ ಮುಚ್ಚಿದರು. ಕೈ ಹಿಡಿದು ನಾನೇ ಶೆಡ್ಡಿಗೆ ಕರೆತಂದೆ.

"ಈಗ ತೆಗೀರಿ!"

ತೆಗೆದರು. ಬಹಳ ಹೊತ್ತು ನೋಡಿದರು. ಆನಂದದಿಂದ ಮಾತು ಹೊರಡುತ್ತಿಲ್ಲವೆಂದು ನಾನು ತಿಳಿದೆ.

"ಮಣ್ಣು?" ಎಂದರು.

"ಚೂರೂ ಬಿಟ್ಟಿಲ್ಲ ಸರ್! ಮೂಲೆಮೂಲೆಯಿಂದ ತೆಗೆದಿದ್ದೀನಿ!"

"ಹಿಂದೆ... ಇಲ್ಲಿ ಒಂದು ಕೈ ಗುರುತಿತ್ತು."

"ಮೊದಲು ಒರೆಸಿದ್ದೇ ಅದನ್ನ ಸರ್!"

ಡಾಕ್ಟರು ಸೀಟನ್ನು ಹಿಡಿದು ನಿಂತರು. ಪಕ್ಕದಲ್ಲಿದ್ದ ನನ್ನ ಹೆಂಡತಿಗೆ ಆಗಲೇ ಅರ್ಥವಾಗಿತ್ತು. ನನಗೆ ಮಾತ್ರ ಬಿಡಿಸಿ ಹೇಳಬೇಕಾಯಿತು.

"ಒಂಬತ್ತು ವರ್ಷ ಆಯ್ತು" ಎಂದರು ಡಾಕ್ಟರು. "ನಾನು, ನನ್ನ ಹೆಂಡತಿ ಮಳೇಲಿ ಹೋಗಿ ಕೆಸರಲ್ಲಿ ಜಾರಿ ಬಿದ್ವಿ. ಏನೂ ಆಗ್ಲಿಲ್ಲ. ನಕ್ಕೊಂಡೇ ಎದ್ದಳು. ಮನೆಗೆ ಬಂದು ಇಳಿಯೋವಾಗ ಇಲ್ಲಿ ಕೈ ಊರಿದ್ಲು. ನಾಳೆ ತೊಳೀತೀನಿ ಅಂದೆ. ಮಾರನೇ ದಿನ ಎದೆನೋವು ಅಂದ್ಲು... ಆಮೇಲೆ ತೊಳೀಲಿಲ್ಲ."

ಜೀವಮಾನವೆಲ್ಲ ಹಸ್ತಪ್ರತಿ ನೋಡಿದವನಿಗೆ ಆ ಹಸ್ತವೊಂದನ್ನು ಓದಲಾಗಲಿಲ್ಲ! ನಾಲಿಗೆಯಾದರೂ ಸುಮ್ಮನಿದ್ದೀತೆ? "ಸರ್, ಆ ರಸ್ತೆ ಎಲ್ಲಿದೆ ಹೇಳಿ, ಈಗ್ಲೇ ಹೋಗಿ ಮಣ್ಣು ತರ್ತೀನಿ!" ಎಂದುಬಿಟ್ಟೆ. ಪಿಸ್ಟನ್ ಮಾವ ನನ್ನ ಕಾಲನ್ನು ತಮ್ಮ ಬೂಟಿನಿಂದ ಬಲವಾಗಿ ಒತ್ತಿದರು. ಮಣ್ಣು ತರಬಹುದು, ಆ ಕೈಯನ್ನು ಎಲ್ಲಿಂದ ತರಲಿ?

"ಇರ್ಲಿ ಬಿಡಿ. ನಿಮ್ಮ ಚಹಾ ಆರಿಹೋಯ್ತು, ಬೇರೆ ಮಾಡ್ತೀನಿ ಬನ್ನಿ" ಎಂದರು ಡಾಕ್ಟರು. ಅವರು ಕೆನ್ನೆಗೆ ಎರಡು ಬಿಗಿದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಹೆಂಡತಿ ಬೈಕಿನ ಪಕ್ಕದಲ್ಲಿದ್ದ ಬಕೆಟ್ಟನ್ನು ಎತ್ತಿಕೊಂಡಳು. ಆ ಕಂದು ನೀರನ್ನು ಮೋರಿಗೆ ಚೆಲ್ಲದೆ ಬಾಗಿಲ ಪಕ್ಕದ ಗಿಡದ ಬುಡಕ್ಕೆ ಮೆಲ್ಲಗೆ ಸುರಿದಳು. ಆಮೇಲೆ ಡಾಕ್ಟರ ಜೊತೆ ಮೆಟ್ಟಿಲ ಮೇಲೆ ಕೂತು, ಅವರ ಹೆಂಡತಿ ಹೇಗಿದ್ದರು, ಏನು ಓದುತ್ತಿದ್ದರು ಎಂದೆಲ್ಲ ಕೇಳಿದಳು. ಅವರು ಹೇಳುತ್ತಾ ಹೋದರು. ನಾನು ಗೇಟಿನ ಹೊರಗೆ ನನ್ನ ಹೊಳೆಯುವ ಬೈಕಿನ ಪಕ್ಕ ನಿಂತಿದ್ದೆ. ಅದರ ಹೊಳಪು ನೋಡಲು ನನಗೇ ಆಗುತ್ತಿರಲಿಲ್ಲ.

ಮನೆ ಮುಂದೆ ಇಳಿದಾಗ ನಾನೇ ಹೆಂಡತಿಯನ್ನು ಬೇಡಿಕೊಂಡೆ: "ಏನಾದ್ರೂ ಬೈದುಬಿಡೆ."

"ಬೈದ್ರೆ ನಿಮಗೆ ಹಗುರ ಆಗುತ್ತೆ. ಬೈಯಲ್ಲ" ಎಂದು ಒಳಗೆ ಹೋದಳು.

ಮುಂದಿನ ಭಾನುವಾರ ಬಸ್ಸಿನಲ್ಲಿ ಹೋಗಿ ಡಾಕ್ಟರ ಕ್ಷಮೆ ಕೇಳಿದೆ. ಅವರು ಒಳಗೆ ಕೂರಿಸಿ ಚಹಾ ಕೊಟ್ಟರು. ಹವೆಯ ಬಗ್ಗೆ, ನನ್ನ ಪ್ರೆಸ್ಸಿನ ಬಗ್ಗೆ ಮಾತಾಡಿದರು. ಶೆಡ್ಡಿನ ಕಡೆ ಮಾತ್ರ ಕರೆದೊಯ್ಯಲಿಲ್ಲ. ಹೊರಡುವಾಗ ಗೇಟಿನವರೆಗೂ ಬಂದು, "ನಿಮ್ಮ ಮನೆಯವರನ್ನ ಇನ್ನೊಂದು ಸಲ ಕಳಿಸಿಕೊಡಿ. ಅವತ್ತು ಎಷ್ಟೋ ವರ್ಷದ ಮೇಲೆ ಮನಸ್ಸು ಬಿಚ್ಚಿ ಮಾತಾಡಿದೆ" ಎಂದರು.

ನನಗೆ ಹೋದ ಜೀವ ಬಂದಂತಾಯಿತು. "ಖಂಡಿತ ಸರ್! ಮುಂದಿನ ವಾರವೇ ಇಬ್ಬರೂ ಬರ್ತೀವಿ!"

ಡಾಕ್ಟರು ನನ್ನ ಕೈಗಳನ್ನೊಮ್ಮೆ ನೋಡಿದರು.

"ಅವರೊಬ್ಬರು ಬಂದ್ರೆ ಸಾಕು."